ಗುಳಿಗೆ ಬಿಟ್ಟ ಹಿರಿಯರು: ರಕ್ತದೊತ್ತಡ ಮತ್ತು ಕೊರೊನಾ ಕುರಿತು



2025ರ ಮೇ ತಿಂಗಳಲ್ಲಿ ನಾಡಿನಲ್ಲಿ ಕೊರೊನಾ ಪ್ರಕರಣಗಳು ಪುನಃ ಕಾಣಿಸಿಕೊಂಡಾಗ, ವಯೋವೃದ್ಧರು ಜನಸಂದಣಿಯಲ್ಲಿ ಮಾಸ್ಕ್ ಧರಿಸಬೇಕೆಂದು ಸರಕಾರವು ಸಲಹೆ ನೀಡಿತು. ಆ ದಿನಗಳಲ್ಲಿಯೇ ಶ್ರೀಮಠದ ದಾಸೋಹ ಮಂಟಪದಲ್ಲಿ ಹಿರಿಯರೊಬ್ಬರು ನಮ್ಮೊಡನೆ, “ಬಿ.ಪಿ. ಗುಳಿಗಿ ಬಿಟ್ಟೀನ್ರೀ ಸಾಹೇಬ್ರ, ಅದನ್ನ ನುಂಗೋರಿಗೇ ಕೊರೊನಾ ಜಾಸ್ತಿ ಅಂತ” ಎಂದರು. ಐದು ವರ್ಷಗಳ ಹಿಂದಿನ ಮಾತು ಇನ್ನೂ ಜೀವಂತವಾಗಿರುವುದನ್ನು ಕಂಡು ನಾವು ಚಿಂತಿತರಾದೆವು.

ಈ ಮಾತು ಹುಟ್ಟಿದ್ದು ಶುದ್ಧ ಗಾಳಿಸುದ್ದಿಯಿಂದಲ್ಲ. ಕೊರೊನಾ ವೈರಾಣುವು ನಮ್ಮ ಜೀವಕೋಶವನ್ನು ಪ್ರವೇಶಿಸುವುದು ಎಸಿಇ-2 ಎಂಬ ಪ್ರೋಟೀನನ್ನು ಹಿಡಿದುಕೊಂಡು. ರಾಮಿಪ್ರಿಲ್, ಎನಲಪ್ರಿಲ್, ಲೊಸಾರ್ಟಾನ್, ಟೆಲ್ಮಿಸಾರ್ಟಾನ್ ಮೊದಲಾದ ರಕ್ತದೊತ್ತಡದ ಔಷಧಗಳು ಆ ಪ್ರೋಟೀನನ್ನು ಹೆಚ್ಚಿಸಬಹುದೆಂದು ಪ್ರಾಣಿಗಳ ಮೇಲಿನ ಕೆಲವು ಪ್ರಯೋಗಗಳು ಸೂಚಿಸಿದ್ದವು. ಹಾಗಾದರೆ ಈ ಗುಳಿಗೆಗಳು ವೈರಾಣುವಿಗೆ ಬಾಗಿಲು ತೆರೆಯುತ್ತವೆಯೇ ಎಂದು 2020ರ ಮಾರ್ಚ್‌ನಲ್ಲಿ ಕೆಲವು ತಜ್ಞರು ಸಂಶಯಪಟ್ಟರು. ಸಂಶಯವು ಸಂಶಯವಾಗಿ ಉಳಿಯದೆ ಮೊಬೈಲಿನಿಂದ ಮೊಬೈಲಿಗೆ ದಾಟುವಷ್ಟರಲ್ಲಿ ಸಿದ್ಧಾಂತವೇ ಆಗಿಬಿಟ್ಟಿತು. ಯುರೋಪಿನ ಹಾಗೂ ಅಮೆರಿಕದ ಹೃದ್ರೋಗ ತಜ್ಞರ ಸಂಘಗಳು ಅದೇ ತಿಂಗಳು, ಯಾರೂ ಔಷಧ ನಿಲ್ಲಿಸಬಾರದೆಂದು ಸ್ಪಷ್ಟವಾಗಿ ತಿಳಿಸಿದ್ದವು. ಆ ಮಾತು ಅಷ್ಟು ವೇಗವಾಗಿ ಹರಡಲಿಲ್ಲ.

ಮುಂದೆ ಇದನ್ನು ಪರೀಕ್ಷಿಸಿಯೂ ನೋಡಲಾಯಿತು. ಬ್ರೆಜಿಲ್ ದೇಶದಲ್ಲಿ ಈ ಬಗೆಯ ಔಷಧ ಸೇವಿಸುತ್ತಿದ್ದು, ಕೊರೊನಾದಿಂದ ಆಸ್ಪತ್ರೆಗೆ ಸೇರಿದ 659 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ 30 ದಿನ ಗುಳಿಗೆ ನಿಲ್ಲಿಸಿದರು, ಇನ್ನೊಂದು ಗುಂಪಿಗೆ ಮುಂದುವರಿಸಿದರು. ಜೀವಂತವಾಗಿ ಆಸ್ಪತ್ರೆಯ ಹೊರಗೆ ಕಳೆದ ದಿನಗಳನ್ನು ಎಣಿಸಿದಾಗ ಗಣನೀಯ ವ್ಯತ್ಯಾಸವೇನೂ ಕಾಣಲಿಲ್ಲ. ಬಿಟ್ಟದ್ದರಿಂದ ಲಾಭವಾಗಲಿಲ್ಲ. 2021ರ ಜನವರಿಯಲ್ಲಿ ಇದು ಪ್ರಕಟವಾಯಿತು.

ಆದರೆ ಭಯಕ್ಕೆ ಬೇರೊಂದು ಮೂಲವೂ ಇದೆ. ದೇಶದಲ್ಲಿ ಕೊರೊನಾದಿಂದ ಮೊದಲು ಮೃತಪಟ್ಟವರು ನಮ್ಮ ಕಲಬುರಗಿಯವರು. ಎಪ್ಪತ್ತು ದಾಟಿದ ಅವರಿಗೆ ರಕ್ತದೊತ್ತಡವೂ ಆಸ್ತಮಾವೂ ಇದ್ದುದಾಗಿ ಕೇಂದ್ರ ಸರಕಾರ ತಿಳಿಸಿತ್ತು. ಅಂದಿನಿಂದ ಬಿ.ಪಿ. ಎಂದರೆ ಮರಣವೆಂಬ ಭಾವನೆ ಜನರಲ್ಲಿ ಬೇರೂರಿತು. ಇಲ್ಲಿ ಬಿಡಿಸಿ ನೋಡಬೇಕಾದ ಸಂಗತಿಯಿದೆ. ಕೊರೊನಾದಲ್ಲಿ ಅತಿ ದೊಡ್ಡ ಅಪಾಯ ವಯಸ್ಸೇ. ವಯಸ್ಸಾದವರಲ್ಲಿ ರಕ್ತದೊತ್ತಡ ಸಾಮಾನ್ಯವಾದುದರಿಂದ ಎರಡನ್ನೂ ಬೇರ್ಪಡಿಸುವುದು ವೈದ್ಯರಿಗೂ ಕಷ್ಟ. ಹಲವು ವರ್ಷ ಹತೋಟಿಯಿಲ್ಲದೆ ಉಳಿದ ಒತ್ತಡವು ಹೃದಯವನ್ನೂ ಮೂತ್ರಪಿಂಡವನ್ನೂ ಸದ್ದಿಲ್ಲದೆ ಸವೆಸಿರುತ್ತದೆ. ಹಾಗೆ ಸವೆದ ದೇಹಕ್ಕೆ ಸೋಂಕು ತಗುಲಿದರೆ ತಾಳಿಕೊಳ್ಳುವ ಶಕ್ತಿ ಕಡಿಮೆ. ಗುಳಿಗೆ ಬಿಟ್ಟವರಿಗೆ ಮೊದಮೊದಲು ಏನೂ ಆದಂತೆ ಅನಿಸುವುದಿಲ್ಲ; ಅದೇ ಈ ರೋಗದ ಮೋಸ. ಪಾರ್ಶ್ವವಾಯು ಹೊಡೆದ ಮೇಲೆ ಮನೆಯವರಿಗೆ ಅರಿವಾಗುತ್ತದೆ.

ಗುಳಿಗೆಗೆ ಹೆದರುವ ನಾವು ಹೆದರಬೇಕಾದುದನ್ನು ನಿಶ್ಚಿಂತೆಯಿಂದ ಸೇವಿಸುತ್ತೇವೆ. ಕೊರೊನಾ ಕಾಲದಲ್ಲಿ ಮನೆಮನೆಯಲ್ಲೂ ಕಷಾಯ ಕುದಿಯಿತು. ಕಷಾಯಕ್ಕೆ ನಮ್ಮ ವಿರೋಧವಿಲ್ಲ, ಶುಂಠಿ ಮೆಣಸು ನಮಗೂ ಪ್ರಿಯವೇ. ಆದರೆ ಅದರಲ್ಲಿ ಹಾಕುವ ಜ್ಯೇಷ್ಠಮಧುವನ್ನು ದಿನವೂ ಹೆಚ್ಚಾಗಿ ಸೇವಿಸಿದರೆ ರಕ್ತದೊತ್ತಡ ಏರುತ್ತದೆ. ನೆಗಡಿಗೆಂದು ಅಂಗಡಿಯಿಂದ ತಂದು ನುಂಗುವ, ಮೂಗು ಕಟ್ಟಿದ್ದನ್ನು ಬಿಡಿಸುವ ಕೆಲವು ಗುಳಿಗೆಗಳೂ, ಐಬುಪ್ರೊಫೇನ್‌ನಂಥ ನೋವಿನ ಗುಳಿಗೆಗಳೂ ಹಾಗೆಯೇ. ಉಪ್ಪಿನಕಾಯಿ, ಹಪ್ಪಳಗಳ ಮಾತನ್ನು ಬೇರೆ ಹೇಳಬೇಕಿಲ್ಲ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಜ್ವರದೊಡನೆ ವಾಂತಿಭೇದಿಯಾಗಿ ಊಟ ನೀರು ಸೇರದಿದ್ದಾಗ ಒತ್ತಡ ತೀರ ಇಳಿಯುವುದುಂಟು. ಆಗ ಗುಳಿಗೆಯನ್ನು ತಗ್ಗಿಸಬೇಕೋ ತಾತ್ಕಾಲಿಕವಾಗಿ ನಿಲ್ಲಿಸಬೇಕೋ ಎಂಬುದನ್ನು ಪರೀಕ್ಷಿಸಿದ ವೈದ್ಯರೇ ಹೇಳಬೇಕು, ಪಕ್ಕದ ಮನೆಯವರಲ್ಲ.

ಮುಂಬರುವ ಹುಣ್ಣಿಮೆಯ ಶಿವಾನುಭವ ಗೋಷ್ಠಿಗೆ ಮುನ್ನ ಪ್ರಸಾದ ನಿಲಯದ ಪಡಸಾಲೆಯಲ್ಲಿ ರಕ್ತದೊತ್ತಡ ತಪಾಸಣೆಗೆ ಏರ್ಪಾಡು ಮಾಡಿದ್ದೇವೆ. ಹಿರಿಯರನ್ನು ಕರೆತರುವವರು ಅವರು ನುಂಗುವ ಗುಳಿಗೆಗಳ ಪಟ್ಟಿಗಳನ್ನೂ ಹಳೆಯ ಚೀಟಿಯನ್ನೂ ಮರೆಯದೆ ತರಬೇಕು. ಗುಳಿಗೆ ಬಿಟ್ಟಿದ್ದ ಆ ಹಿರಿಯರೂ ಬರುವುದಾಗಿ ಒಪ್ಪಿದ್ದಾರೆ.