ವಿಷ ಸೋಕಿದವರನ್ನೇ ಸಾಕ್ಷಿ ಕೇಳುವುದೇಕೆ?

ಎಂಡೋಸಲ್ಫಾನ್ ಕೀಟನಾಶಕ ನಿಷೇಧವಾಗಿದೆ, ಸಂತ್ರಸ್ತರಿಗೆ ಮಾಸಾಶನ ಸಿಗುತ್ತಿದೆ, ಇನ್ನೇನು ಬಾಕಿ ಎಂದು ಕೇಳುವವರಿದ್ದಾರೆ. ಬಾಕಿಯಿರುವುದು ಲೆಕ್ಕ ಹಾಕುವ ಕ್ರಮ. ದಕ್ಷಿಣ ಕನ್ನಡ ಮತ್ತು ಉತ್ತರ ಕನ್ನಡದ ಗೇರು ತೋಪುಗಳಿಗೆ 2000ದವರೆಗೂ ಹೆಲಿಕಾಪ್ಟರಿನಿಂದ ಸುರಿದ ವಿಷದ ಪರಿಣಾಮವನ್ನು ನಮ್ಮ ಸರ್ಕಾರ ಅಂಗವೈಕಲ್ಯದ ಶೇಕಡಾವಾರಿನಲ್ಲಿ ಅಳೆಯುತ್ತದೆ. ಕಣ್ಣಿಗೆ ಕಾಣುವ ಊನಕ್ಕೆ ಈ ಅಳತೆ ಸಾಕು, ನಿಧಾನವಾಗಿ ತಲೆಯೆತ್ತುವ ಕಾಯಿಲೆಗೆ ಸಾಲದು. ಇದೇ ವಿಷ ಬಿದ್ದ ಕೇರಳದ ಕಾಸರಗೋಡಿನ ಪಡ್ರೆಯಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ನಡೆಸಿದ, 2003ರಲ್ಲಿ ಪ್ರಕಟವಾದ ಅಧ್ಯಯನವನ್ನೇ ನೋಡಿ. 117 ಹುಡುಗರನ್ನು ವಿಷ ಬೀಳದ ಊರಿನ 90 ಹುಡುಗರೊಂದಿಗೆ ಹೋಲಿಸಿದಾಗ, ಪಡ್ರೆಯವರ ರಕ್ತದಲ್ಲಿ ಎಂಡೋಸಲ್ಫಾನ್ ಹೆಚ್ಚಿತ್ತು, ಪ್ರಾಯಕ್ಕೆ ಬರುವುದು ತಡವಾಗಿತ್ತು. ಇಂಥ ಹಾನಿ ಯಾವ ವೈಕಲ್ಯ ಪ್ರಮಾಣಪತ್ರದಲ್ಲೂ ದಾಖಲಾಗುವುದಿಲ್ಲ.

ಪ್ರತಿಯೊಬ್ಬರ ಕಾಯಿಲೆಗೂ ಇದೇ ಕಾರಣವೆಂಬುದಕ್ಕೆ ಪುರಾವೆ ಎಲ್ಲಿ ಎಂಬ ಆಕ್ಷೇಪ ಹಗುರದ್ದಲ್ಲ. ಒಬ್ಬ ರೋಗಿಯ ಮೈಯಲ್ಲಿ ಕಾರಣವನ್ನು ಬೆರಳಿಟ್ಟು ತೋರಿಸುವುದು ಹೆಚ್ಚಿನ ಸಂದರ್ಭಗಳಲ್ಲಿ ಅಸಾಧ್ಯ. ವಿಯೆಟ್ನಾಂ ಯುದ್ಧದಿಂದ ಮರಳಿದ ಅಮೆರಿಕದ ಸೈನಿಕರಿಗೂ ಇದೇ ಪ್ರಶ್ನೆ ಎದುರಾಗಿತ್ತು. ಅಲ್ಲಿನ ಕಾಡಿಗೆ ಸುರಿದ ಏಜೆಂಟ್ ಆರೆಂಜ್ ಒಂದು ಕಳೆನಾಶಕ. 1991ರ ಕಾನೂನು ಸಾಕ್ಷ್ಯದ ಹೊರೆಯನ್ನು ತಿರುವಿ ಹಾಕಿತು: ಅಲ್ಲಿ ಸೇವೆ ಸಲ್ಲಿಸಿದವರಿಗೆ ಪಟ್ಟಿಯಲ್ಲಿರುವ ರೋಗ ಬಂದರೆ, ಅದು ಆ ವಿಷದ್ದೇ ಎಂದು ಸರ್ಕಾರ ಒಪ್ಪಬೇಕು. ವಿಜ್ಞಾನ ಬೆಳೆದಂತೆ ಪಟ್ಟಿಯೂ ಬೆಳೆದು, 2001ರಲ್ಲಿ ಟೈಪ್ 2 ಮಧುಮೇಹ ಸೇರಿತು. ಅದೇ ವಿಷ ಉಂಡ ವಿಯೆಟ್ನಾಮಿಗರ ದಾವೆಯನ್ನು ಅಮೆರಿಕದ ನ್ಯಾಯಾಲಯ 2005ರಲ್ಲಿ ವಜಾ ಮಾಡಿದ್ದು ಆ ದೇಶದ ಇಬ್ಬಂದಿತನ. ಹಾಗೆಂದು ತತ್ವ ತಪ್ಪಾಗುವುದಿಲ್ಲ.

ಇಲ್ಲಿಯೂ ಸಾಕ್ಷ್ಯದ ಹೊರೆಯನ್ನು ತಿರುವಿದರೆ ಸುಳ್ಳು ಸಂತ್ರಸ್ತರ ಸಾಲು ಹನುಮನ ಬಾಲವಾದೀತು ಎಂಬ ಭಯಕ್ಕೂ ಉತ್ತರವಿದೆ. ಯಾವ ತೋಪಿಗೆ ಯಾವ ವರ್ಷ ಸಿಂಪಡಣೆಯಾಯಿತು, ಅದರ ಸುತ್ತ ಯಾವ ಮನೆಗಳಿದ್ದವು ಎಂಬುದನ್ನು ಸಿಂಪಡಿಸಿದವರೇ ಹೇಳಬೇಕು. ಆ ನಕ್ಷೆಯೊಳಗಿನವರ ಹೆಸರು ನೋಂದಾಯಿಸಿ, ಬದುಕಿರುವಷ್ಟು ಕಾಲ ತಪಾಸಣೆ ಮಾಡಿದರೆ ನಿಜ ಸುಳ್ಳು ತಾನಾಗಿ ಬೇರ್ಪಡುತ್ತದೆ. ಖರ್ಚಾಗುತ್ತದೆ, ನಿಜ. ಆದರೆ 2017ರಲ್ಲಿ ಸುಪ್ರೀಂ ಕೋರ್ಟ್ ಕೇರಳಕ್ಕೆ ಆದೇಶಿಸಿದಂತೆ ತಲಾ 5 ಲಕ್ಷ ಕೊಟ್ಟರೂ, ಮುಂದೆ ಬರುವ ಕಾಯಿಲೆಯನ್ನು ಹುಡುಕುವ ಕೆಲಸ ಅದರಿಂದ ಆಗದು. ಇದು ಗೇರು ಸೀಮೆಗಷ್ಟೇ ಸೇರಿದ ಮಾತೂ ಅಲ್ಲ. ಉತ್ತರ ಕನ್ನಡದ ಹುಲೇಕಲ್ ಸುತ್ತಿನ ಅಡಿಕೆ ತೋಟಗಳಲ್ಲಿ ಮಳೆಗಾಲ ಬಂದರೆ ಮರ ಹತ್ತುವ ಕೊನೆಗೌಡರು ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಇದೇ ದ್ರಾವಣ ಹೊಡೆದ ಪೋರ್ಚುಗಲ್ಲಿನ ದ್ರಾಕ್ಷಿ ತೋಟದ ಕೂಲಿಗಳ ಶ್ವಾಸಕೋಶ ಹಾಳಾದದ್ದನ್ನು ವೈದ್ಯರು 1969ರಲ್ಲೇ ವರದಿ ಮಾಡಿದ್ದರು. ಮದ್ದು ಹೊಡೆಯುವವರ ಆರೋಗ್ಯದ ದಾಖಲೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳು ಈಗಲೇ ಶುರುಮಾಡಲಿ. ಇಪ್ಪತ್ತು ವರ್ಷದ ನಂತರ ಪುರಾವೆ ಕೇಳುವ ಹಕ್ಕು, ಇಂದು ದಾಖಲಿಸಿದವರಿಗೆ ಮಾತ್ರ ಇರುತ್ತದೆ.