ಉಬ್ಬಸದ ಉಳಿದ ದಿನಗಳು

ನಲವತ್ತು ವರ್ಷ ಸೌದೆ ಒಲೆಯ ಮುಂದೆ ಕೂತು ಊದುಗೊಳವೆ ಊದಿದ ಹೆಂಗಸಿಗೆ ಅರವತ್ತರ ಹೊತ್ತಿಗೆ ಒಂದು ಕೊಡ ನೀರು ತರುವಷ್ಟರಲ್ಲಿ ಏದುಸಿರು ಬರುತ್ತದೆ. ವಯಸ್ಸಾಯಿತು ಅನ್ನುತ್ತಾರೆ ಮನೆಯವರು. ಅವಳೂ ಹಾಗೇ ಅಂದುಕೊಳ್ಳುತ್ತಾಳೆ. ಮಳೆಗಾಲದ ಒಂದು ರಾತ್ರಿ ದಮ್ಮು ಕಟ್ಟಿದಾಗ ಆಟೊ ಹುಡುಕುತ್ತಾರೆ. ಆಸ್ಪತ್ರೆಯಲ್ಲಿ ಡೆರಿಫಿಲಿನ್ ಇಂಜೆಕ್ಷನ್, ನೆಬ್ಯುಲೈಸರ್, ಬೆಳಗಾದರೆ ಮನೆ. ಈ ಒಂದು ರಾತ್ರಿಯನ್ನು ದಾಟಿಸುವುದು ನಮ್ಮ ವೈದ್ಯಕೀಯಕ್ಕೆ ಗೊತ್ತು. ವರ್ಷದ ಉಳಿದ ದಿನಗಳಿಗೆ ಅವಳ ಪಾಡು ಅವಳದು.

ವೈದ್ಯರು ಸಿಒಪಿಡಿ ಎನ್ನುವ, ಶ್ವಾಸನಾಳ ಮೆಲ್ಲಗೆ ಕಟ್ಟಿಕೊಳ್ಳುವ ಈ ಉಬ್ಬಸದ ಕಾಯಿಲೆಯಿಂದ 2021ರಲ್ಲಿ ಜಗತ್ತಿನಲ್ಲಿ ಸುಮಾರು 35 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಎಪ್ಪತ್ತು ತುಂಬುವ ಮೊದಲೇ ಹೀಗೆ ಸಾಯುವವರಲ್ಲಿ ಹತ್ತಕ್ಕೆ ಹೆಚ್ಚುಕಡಿಮೆ ಒಂಬತ್ತು ಮಂದಿ ಬಡ ಮತ್ತು ಮಧ್ಯಮ ಆದಾಯದ ದೇಶಗಳವರು. ಬೀಡಿ ಮುಟ್ಟದವರನ್ನೂ ಇದು ಬಿಡುವುದಿಲ್ಲ. ಒಲೆಯ ಹೊಗೆ, ಕಲ್ಲುಕ್ವಾರಿಯ ಧೂಳು, ಎಂದೋ ಬಂದುಹೋದ ಕ್ಷಯ, ಇಷ್ಟೇ ಸಾಕು.

ಕ್ಷಯದ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ದಿನನಿತ್ಯದ ಆರೈಕೆ ಬಡ ದೇಶದ ಕೈಲಾಗದ ಕೆಲಸ ಎನ್ನುವವರಿಗೆ ಉತ್ತರ ಅಲ್ಲಿದೆ. ತೊಂಬತ್ತರ ದಶಕದಿಂದ ಡಾಟ್ಸ್ ಹೆಸರಿನಲ್ಲಿ ಹಳ್ಳಿಹಳ್ಳಿಯ ರೋಗಿಗೆ ಆರಾರು ತಿಂಗಳು ಎದುರಿಗೆ ನಿಂತು ಮಾತ್ರೆ ನುಂಗಿಸಿದ ದೇಶ ನಮ್ಮದು. ಆದರೆ ಚಿಕಿತ್ಸೆ ಮುಗಿದು ಕಫದಲ್ಲಿ ಕ್ರಿಮಿ ಕಾಣದಾದರೆ ಆ ರೋಗಿ ಗುಣವಾದವರ ಪಟ್ಟಿಗೆ ಸೇರುತ್ತಾನೆ. ಗಾಯವಾದ ಶ್ವಾಸಕೋಶ ಹೊತ್ತು ಮನೆಗೆ ಹೋದವನು ಮತ್ತೆ ಏದುಸಿರು ಬಿಡುತ್ತಾ ಬಂದರೆ ಅವನಿಗೊಂದು ಪಟ್ಟಿಯೇ ಇಲ್ಲ. ಕ್ಷಯ ಊರಿಗೆ ಅಂಟುತ್ತದೆ, ಉಬ್ಬಸ ಯಾರಿಗೂ ಅಂಟುವುದಿಲ್ಲ; ಇಬ್ಬರಿಗೂ ಒಂದೇ ನ್ಯಾಯ ಸಿಗದಿರಲು ಇದೇ ಕಾರಣವೆಂದು ನನಗನ್ನಿಸುತ್ತದೆ.

ಔಷಧಿ ಇಲ್ಲವೆಂದಲ್ಲ. ಶ್ವಾಸನಾಳ ಹಿಗ್ಗಿಸುವ ಸಾಲ್ಬುಟಮಾಲ್ ಮಾತ್ರೆಯಲ್ಲಿ 4 ಮಿಲಿಗ್ರಾಂ ಇದ್ದರೆ ಇನ್ಹೇಲರಿನ ಒಂದು ಪಫ್‌ನಲ್ಲಿ ಇರುವುದು 100 ಮೈಕ್ರೋಗ್ರಾಂ, ಅಂದರೆ ನಲವತ್ತರಲ್ಲಿ ಒಂದು ಪಾಲು. ಮಾತ್ರೆ ಮೈಯೆಲ್ಲ ಸುತ್ತಿ ಕೈ ನಡುಗಿಸುತ್ತದೆ, ಎದೆ ಹೊಡೆದುಕೊಳ್ಳುವಂತೆ ಮಾಡುತ್ತದೆ. ಪಫ್ ನೇರ ಶ್ವಾಸನಾಳಕ್ಕೆ ಹೋಗುತ್ತದೆ. ಆದರೂ ನಮ್ಮಲ್ಲಿ ಇನ್ಹೇಲರ್ ಅಂದರೆ ಕೊನೆಗಾಲದ ಮದ್ದು, ಹಿಡಿದರೆ ಬಿಡದ ಚಟ ಎಂಬ ಭಯ. ಮೃಗಶಿರಾ ಮಳೆಯ ದಿನ ಹೈದರಾಬಾದಿನಲ್ಲಿ ಉಬ್ಬಸಕ್ಕೆ ಮದ್ದೆಂದು ಮೀನು ನುಂಗಲು ಕರ್ನಾಟಕದಿಂದಲೂ ಹೋಗಿ ಸಾಲುಗಟ್ಟುವವರನ್ನು ಬೈದು ಫಲವಿಲ್ಲ. ಒಮ್ಮೆ ತೆಗೆದುಕೊಂಡು ಮುಗಿಸಿಬಿಡುವ ಮದ್ದು ಸಿಗಲಿ ಎಂಬುದು ಅವರ ಆಸೆ. ಮುಗಿಯದ ಕಾಯಿಲೆಯ ಜೊತೆ ಬಾಳುವುದು ಹೇಗೆಂದು ಅವರಿಗೆ ಕೂರಿಸಿ ಹೇಳಿದವರು ಯಾರು?

ಇನ್ಹೇಲರ್ ಒತ್ತುವುದಕ್ಕೂ ಉಸಿರೆಳೆಯುವುದಕ್ಕೂ ಹೊಂದದಿದ್ದರೆ ಪಫ್ ಗಂಟಲಲ್ಲೇ ಉಳಿಯುತ್ತದೆ. ಬಾಯಿಗೂ ಇನ್ಹೇಲರಿಗೂ ನಡುವೆ ಪಫ್ ಹಿಡಿದಿಡುವ ಸ್ಪೇಸರ್ ಎಂಬ ಕೊಳವೆ ಬೇಕು. ಅಸ್ತಮಾ ಇರುವ ಮಕ್ಕಳಿಗೆ 500 ಮಿಲಿಲೀಟರಿನ ತಂಪುಪಾನೀಯದ ಖಾಲಿ ಬಾಟಲಿಯೇ ಸ್ಪೇಸರ್ ಆಗಬಲ್ಲದೆಂದು ದಕ್ಷಿಣ ಆಫ್ರಿಕಾದ ಕೇಪ್‌ಟೌನಿನ ವೈದ್ಯರು 1999ರಲ್ಲೇ ತೋರಿಸಿಕೊಟ್ಟರು. ಬಾಟಲಿಗೆ ಬರವಿಲ್ಲ. ಹತ್ತು ನಿಮಿಷ ಕೂತು ಕಲಿಸುವ, ಮುಂದಿನ ತಿಂಗಳು ಮತ್ತೆ ಮಾಡಿಸಿ ನೋಡುವ ಒಬ್ಬ ನರ್ಸ್ ಬೇಕು.

ಆಶಾ ಕಾರ್ಯಕರ್ತೆಯರು ಮೂವತ್ತು ದಾಟಿದವರ ಮನೆಗೆ ಹೋಗಿ ತುಂಬುವ ನಮೂನೆಯಲ್ಲಿ ಅಡುಗೆಗೆ ಯಾವ ಇಂಧನ ಎಂಬ ಪ್ರಶ್ನೆ ಈಗಲೇ ಇದೆ. ಉಸಿರಾಟದ ತೊಂದರೆಯ ಪ್ರಶ್ನೆಯೂ ಇದೆ. ಸೌದೆ ಎಂದು ಗುರುತು ಹಾಕಿದ ಮೇಲೆ ಆ ಹೆಂಗಸು ಎಲ್ಲಿಗೆ ಹೋಗಬೇಕು? ತಾಲ್ಲೂಕು ಆಸ್ಪತ್ರೆಯಲ್ಲಿ ಊದಿಸಿ ನೋಡುವ ಸ್ಪೈರೋಮೀಟರ್, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ ಮಾತ್ರೆಯ ಪಕ್ಕದಲ್ಲೇ ಎಂದೂ ಖಾಲಿಯಾಗದ ಇನ್ಹೇಲರ್, ಅವಳ ಹೆಸರಿರುವ ಒಂದು ಪುಸ್ತಕ: ಇವು ಈ ವರ್ಷವೇ ಆಗಬೇಕು.