ಅರ್ಜಿ ಓದುವ ಯಂತ್ರ

ಶೇಂದ್ರಾದ ಕಾರ್ಖಾನೆಯೊಂದರಲ್ಲಿ ಕಾರಕೂನನ ಹುದ್ದೆಗೆ ಅರ್ಜಿ ಸಲ್ಲಿಸಿದ್ದ ತರುಣನೊಬ್ಬನು ಈಚೆಗೆ ನಮ್ಮನ್ನು ಕಂಡನು. ಹೋಟೆಲಿನ ಗಲ್ಲೆಯಲ್ಲಿ ಆರು ವರ್ಷ ದುಡಿದು, ಬಿಡುವಿನಲ್ಲಿ ಓದಿ ಪದವಿ ಪಡೆದವನು. ರಾತ್ರಿ ಹನ್ನೊಂದಕ್ಕೆ ಮೊಬೈಲಿನಿಂದ ಅರ್ಜಿ ಕಳುಹಿಸಿದನಂತೆ. ಹತ್ತು ನಿಮಿಷದೊಳಗೆ ನಿರಾಕರಣೆಯ ಉತ್ತರ ಬಂದಿತಂತೆ. "ಅಷ್ಟು ಹೊತ್ತಿನಲ್ಲಿ ಓದಿದವರು ಯಾರು ಅಣ್ಣಾ?" ಎಂದು ಕೇಳಿದನು. ಯಂತ್ರವೇ ಇರಬೇಕೆಂದೆವು. ಕೆಲಸ ಸಿಗದ ದುಃಖಕ್ಕಿಂತಲೂ, ತನ್ನನ್ನು ಯಾರೂ ನೋಡಲೇ ಇಲ್ಲವೆಂಬ ದುಃಖ ಅವನಿಗೆ ಹೆಚ್ಚಾಗಿತ್ತು.

ದೆಹಲಿ–ಮುಂಬಯಿ ಔದ್ಯೋಗಿಕ ಮಾರ್ಗದ ಅಂಗವಾಗಿ ಶೇಂದ್ರಾ ಮತ್ತು ಬಿಡ್ಕಿನ್‌ಗಳಲ್ಲಿ ಹೊಸ ಔದ್ಯೋಗಿಕ ನಗರವು ಬೆಳೆಯುತ್ತಿರುವಾಗ ನಮ್ಮ ಮಕ್ಕಳೂ ಆ ಬಾಗಿಲುಗಳನ್ನು ತಟ್ಟುವುದು ಸಹಜ. ರಾಶಿ ಬೀಳುವ ಅರ್ಜಿಗಳನ್ನು ಕೃತಕ ಬುದ್ಧಿಮತ್ತೆಯಿಂದ ಜರಡಿ ಹಿಡಿಸುವ ಪದ್ಧತಿಯು ದೊಡ್ಡ ಸಂಸ್ಥೆಗಳಲ್ಲಿ ಹಬ್ಬುತ್ತಿದೆ.

ಹಳೆಯ ಪದ್ಧತಿ ನಿರ್ದೋಷವಾಗಿತ್ತೆನ್ನಲು ನಮಗೆ ಬಾಯಿಲ್ಲ. ಗಲ್ಲೆಯ ಮೇಲೆ ಕುಳಿತು "ಊರು ಯಾವುದು? ಯಾರ ಪೈಕಿ?" ಎಂದು ಕೇಳಿ ಕೆಲಸ ಕೊಟ್ಟವರು ನಾವೇ. ವಶೀಲಿ ಇದ್ದವನಿಗೆ ಮಣೆ, ಇಲ್ಲದವನಿಗೆ ಹೊಸ್ತಿಲು. ಆದುದರಿಂದಲೇ ಯಂತ್ರಕ್ಕೆ ಜಾತಿಯಿಲ್ಲ, ನಂಟರಿಲ್ಲವೆಂದು ಕೆಲವರು ಸಂತೋಷಪಡುತ್ತಾರೆ. ಅಮೆರಿಕದ ಪ್ಯೂ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಅಲ್ಲಿಯ ಶೇ. 47 ಮಂದಿ, ಎಲ್ಲ ಅರ್ಜಿದಾರರನ್ನೂ ಒಂದೇ ಬಗೆಯಾಗಿ ಅಳೆಯುವುದರಲ್ಲಿ ಮನುಷ್ಯನಿಗಿಂತ ಯಂತ್ರವೇ ಮೇಲೆಂದರು. ಆದರೂ ಯಂತ್ರದ ನೆರವಿನಿಂದ ನೌಕರರನ್ನು ಆರಿಸುವಲ್ಲಿ ತಾವು ಅರ್ಜಿ ಹಾಕಲೊಲ್ಲೆವೆಂದವರು ಶೇ. 66.

ಈ ಅಂಜಿಕೆ ನಿರಾಧಾರವಲ್ಲ. ಅಮೆಜಾನ್ ಸಂಸ್ಥೆ 2014ರಿಂದ ರೂಪಿಸುತ್ತಿದ್ದ ಇಂತಹ ಸಾಧನವು, ಬಹುಪಾಲು ಗಂಡಸರವೇ ಆಗಿದ್ದ ಹಿಂದಿನ ಅರ್ಜಿಗಳಿಂದ ಪಾಠ ಕಲಿತು, ಹೆಂಗಸರ ಅರ್ಜಿಗಳಿಗೆ ಕಡಿಮೆ ಬೆಲೆ ಕಟ್ಟುತ್ತಿತ್ತೆಂದೂ ಸಂಸ್ಥೆಯು ಅದನ್ನು ಕೈಬಿಟ್ಟಿತೆಂದೂ 2018ರಲ್ಲಿ ವರದಿಯಾಯಿತು. ಅಂದರೆ ಧಣಿಯ ಪಕ್ಷಪಾತವನ್ನೇ ಯಂತ್ರವೂ ಕಲಿಯಬಲ್ಲದು. ಆದರೆ ಧಣಿಯ ಮುಂದೆ ನಿಂತು, "ಒಂದು ವಾರ ಕೆಲಸ ನೋಡಿ, ಆಮೇಲೆ ಬೇಡವೆನ್ನಿ" ಎನ್ನಬಹುದಿತ್ತು. ಎಸ್.ಎಸ್.ಎಲ್.ಸಿ.ಗೆ ಓದು ನಿಲ್ಲಿಸಿದ ನಮಗೂ ಮೊದಲ ಕೆಲಸ ದೊರೆತುದು ಆ ಒಂದು ಮಾತಿನಿಂದ. ಯಂತ್ರದ ಮುಂದೆ ಆ ಮಾತಿಗೆ ಎಡೆಯಿಲ್ಲ.

ಯಂತ್ರವನ್ನು ಒಡೆಯಿರೆಂದು ನಾವು ಹೇಳುವುದಿಲ್ಲ. ಅರ್ಜಿಯನ್ನು ಯಂತ್ರ ಓದುವುದಾದರೆ ಮೊದಲೇ ತಿಳಿಸಲಿ. ನಿರಾಕರಣೆಗೆ ಕಾರಣ ಕೊಡಲಿ. ಬೇಡಿದವನ ಅರ್ಜಿಯನ್ನು ಮನುಷ್ಯನೊಬ್ಬನು ಮತ್ತೊಮ್ಮೆ ನೋಡಲಿ. ಇದು ಅತಿಯಾಸೆಯಲ್ಲ. ನ್ಯೂಯಾರ್ಕ್ ನಗರದಲ್ಲಿ 2023ರ ಜುಲೈಯಿಂದ ಇಂತಹ ಸಾಧನಗಳ ಪಕ್ಷಪಾತವನ್ನು ತಪಾಸಣೆ ಮಾಡಿಸುವುದೂ ಉಮೇದುವಾರರಿಗೆ ಮುಂಚಿತವಾಗಿ ತಿಳಿಸುವುದೂ ಕಡ್ಡಾಯ. ಯುರೋಪಿನ ಒಕ್ಕೂಟದ 2024ರ ಕಾಯಿದೆ ನೌಕರರ ಆಯ್ಕೆಯ ಯಂತ್ರಗಳನ್ನು ಹೆಚ್ಚು ಅಪಾಯದ ವರ್ಗಕ್ಕೆ ಸೇರಿಸಿದೆ. ನಮ್ಮ ಸರಕಾರಕ್ಕೂ ಇದು ಅಸಾಧ್ಯವಲ್ಲ.

ತರುಣರಿಗೂ ಒಂದು ಮಾತು. ಗಲ್ಲೆಯ ಲೆಕ್ಕ, ಸಾಮಾನಿನ ದಾಸ್ತಾನು, ನಾಲ್ಕು ಭಾಷೆಗಳ ಗಿರಾಕಿಗಳೊಡನೆ ವ್ಯವಹಾರ, ಇವೆಲ್ಲವೂ ಅನುಭವವೇ. ಸಂಕೋಚದಿಂದ ಬಿಟ್ಟುಬಿಡದೆ, ಜಾಹೀರಾತಿನಲ್ಲಿ ಕೇಳಿರುವ ಪದಗಳಲ್ಲಿಯೇ ಸ್ಪಷ್ಟವಾಗಿ ಬರೆಯಿರಿ; ಸುಳ್ಳನ್ನು ಮಾತ್ರ ಸೇರಿಸಬೇಡಿರಿ. ಯಂತ್ರವು ಬೇಡವೆಂದ ಮಾತ್ರಕ್ಕೆ ನೀವು ಬೇಡವಾದವರೆಂದು ತಿಳಿಯಬೇಡಿರಿ. ಅದು ಓದಿದ್ದು ನಿಮ್ಮ ಕಾಗದವನ್ನು, ನಿಮ್ಮನ್ನಲ್ಲ.